ಬೂದು ಗೋಡೆಗೆ ಮಳೆಗಾಲದ ಪರೀಕ್ಷೆ



ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಡೆ ಹೊಸ ಮನೆ ಕಟ್ಟಿಸುವವರು ಈಗ ಒಳಗೋಡೆಗೆ ಬೂದು ಬಣ್ಣ ಕೇಳುವುದುಂಟು. ಮನೆಯ ಹಿರಿಯರು "ಗೋಡೆಗೆ ಬೂದಿ ಬಳಿಯುತ್ತೀರೇನು?" ಎಂದು ಮುಖ ಸಿಂಡರಿಸಬಹುದು. ಅವರ ಮಾತನ್ನು ಹಳೆಯ ಕಾಲದ್ದೆಂದು ತಳ್ಳಿಹಾಕಬೇಡಿ. ಅದರಲ್ಲಿ ಸ್ವಲ್ಪ ಭೌತಶಾಸ್ತ್ರವೂ ಇದೆ.

ಹೊಸದಾಗಿ ಸುಣ್ಣ ಬಳಿದ ಗೋಡೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಹೆಚ್ಚುಕಡಿಮೆ ಐದರಲ್ಲಿ ನಾಲ್ಕು ಪಾಲನ್ನು ಹಿಂದಿರುಗಿಸುತ್ತದೆ. ಕಪ್ಪಿಗೂ ಬಿಳುಪಿಗೂ ನಟ್ಟನಡುವೆ ಇರುವಂತೆ ನಮ್ಮ ಕಣ್ಣಿಗೆ ತೋರುವ ಬೂದು ಹಿಂದಿರುಗಿಸುವುದು ಅರ್ಧವಲ್ಲ, ಸುಮಾರು ಶೇಕಡಾ 18 ಮಾತ್ರ! ಛಾಯಾಗ್ರಾಹಕರು ಬೆಳಕು ಅಳೆಯಲು ಹಿಡಿಯುವ ಬೂದು ರಟ್ಟು ಇದೇ ಲೆಕ್ಕದ್ದು. ಮಲೆನಾಡಿನ ಮನೆಗಳಲ್ಲಿ ಮಳೆಯ ಎರಚಲು ತಡೆಯಲು ಸೂರನ್ನು ಮುಂದಕ್ಕೆ ಚಾಚಿರುತ್ತಾರೆ. ಹೊರಗೆ ತೋಟದ ನೆರಳು ಮರಗಳು. ಆಷಾಢದ ಮಧ್ಯಾಹ್ನ ಒಳಗೆ ಬರುವ ಬೆಳಕೇ ಅಷ್ಟಕ್ಕಷ್ಟೆ. ನಾಲ್ಕೂ ಗೋಡೆಗೆ ಬೂದು ಬಳಿದರೆ ಓದಲು ಹಗಲಲ್ಲೇ ದೀಪ ಹಾಕಬೇಕು. ಕರೆಂಟು ಹೋದರೆ ಪುಸ್ತಕ ಮುಚ್ಚಿಡಬೇಕು.

ಹಾಗೆಂದು ಬೂದು ಬೇಡವೆಂದಲ್ಲ. ಬೀಟೆಯ ಮೇಜು, ಹಿತ್ತಾಳೆಯ ದೀಪ, ಅಜ್ಜ ಅಜ್ಜಿಯರ ಕಪ್ಪು ಬಿಳುಪು ಪಟ ಬೂದಿನ ಮುಂದೆ ಎದ್ದು ಕಾಣುವಷ್ಟು ಬಿಳಿಯ ಮುಂದೆ ಕಾಣುವುದಿಲ್ಲ. ಕಿಟಕಿಯ ಗೋಡೆ, ಅದರ ಎದುರು ಗೋಡೆ, ಮೇಲ್ಛಾವಣಿ ಇವು ತಿಳಿಯಾಗಿರಲಿ. ಪಕ್ಕದ ಒಂದು ಗೋಡೆಯನ್ನು ಬೂದಿಗೆ ಬಿಟ್ಟುಕೊಡಿ. ನನಗೆ ಕೇಳಿದರೆ ಅಷ್ಟು ಸಾಕು.

ಯಾವ ಬೂದು ಎಂಬುದು ಮುಂದಿನ ಪ್ರಶ್ನೆ. ಬರೀ ಬಿಳಿಗೆ ಕಪ್ಪು ಬೆರೆಸಿದರೆ ಬಣ್ಣ ತುಸು ನೀಲಿಗೆ ತಿರುಗುತ್ತದೆ. ಮೋಡದ ಬೆಳಕೂ ನೀಲಿಯ ಕಡೆಗೇ. ಎರಡೂ ಸೇರಿದರೆ ಕೋಣೆ ಥಂಡಿ ಹಿಡಿದಂತೆ ಕಾಣುತ್ತದೆ. ಚಿಟಿಕೆ ಕಾವಿ ಬಿದ್ದರೆ ಸರಿಹೋಗುತ್ತದೆ. ನೆಲವನ್ನೂ ನೋಡಬೇಕು. ಪ್ಯಾರಿಸಿನ ಗೋಬೆಲಾಂ ಕಾರ್ಖಾನೆಯಲ್ಲಿ ಬಣ್ಣಗಾರಿಕೆಯ ಮೇಲ್ವಿಚಾರಕನಾಗಿದ್ದ ರಸಾಯನಶಾಸ್ತ್ರಜ್ಞ ಶೆವ್ರಲ್, ಒಂದು ಬಣ್ಣ ಪಕ್ಕದ ಬಣ್ಣದಿಂದ ಬೇರೆಯಾಗಿ ತೋರುವುದನ್ನು 1839ರ ತನ್ನ ಗ್ರಂಥದಲ್ಲಿ ವಿವರಿಸಿದ. ನೀವೇ ಮಾಡಿ ನೋಡಿ: ಒಂದೇ ಬೂದು ಕಾಗದದ ಎರಡು ತುಂಡುಗಳಲ್ಲಿ ಒಂದನ್ನು ಕೆಂಪು ರಟ್ಟಿನ ಮೇಲೆ, ಇನ್ನೊಂದನ್ನು ಬಿಳಿಯ ಮೇಲೆ ಇಡಿ. ಕೆಂಪಿನ ಮೇಲಿನದು ಹಸಿರು ಛಾಯೆ ತಳೆಯುತ್ತದೆ. ನಮ್ಮ ರೆಡ್ ಆಕ್ಸೈಡ್ ನೆಲದ ಪಕ್ಕದ ಬೂದು ಗೋಡೆಗೂ ಇದೇ ಪಾಡು.

ಇನ್ನು ತೇವದ ಮಾತು. ಹಳೆಯ ಮಣ್ಣಿನ ಗೋಡೆ ಮಳೆಗಾಲದಲ್ಲಿ ಹೀರಿದ ನೀರನ್ನು ಆವಿಯಾಗಿ ಬಿಡಬೇಕು. ಸುಣ್ಣ ಅದಕ್ಕೆ ದಾರಿ ಕೊಡುತ್ತದೆ. ಪ್ಲಾಸ್ಟಿಕ್ ಪೇಂಟು ದಾರಿ ಕಟ್ಟುವುದರಿಂದ ಗುಳ್ಳೆ ಎದ್ದು ಹಕ್ಕಳೆಯಾಗಿ ಉದುರುತ್ತದೆ. ಅಂಥ ಗೋಡೆಗೆ ಸುಣ್ಣಕ್ಕೇ ಬಣ್ಣದ ಪುಡಿ ಬೆರೆಸುವುದು ಲೇಸು. ಒಣಗಿದ ಮೇಲೆ ಅದು ಹಸಿಯಾಗಿದ್ದಾಗಿಗಿಂತ ಬಹಳ ತಿಳಿಯಾಗುತ್ತದೆಂಬುದು ನೆನಪಿರಲಿ. ಸುಣ್ಣ ಕಣ್ಣಿಗೆ ಸಿಡಿಯದಂತೆಯೂ ಜೋಕೆ.

ಬಳಿಯಲು ಕಾಫಿ ಕೊಯ್ಲು ಮುಗಿದು ಗೋಡೆ ಒಣಗಿರುವ ಫೆಬ್ರವರಿ, ಮಾರ್ಚ್ ಒಳ್ಳೆಯದು. ಆದರೆ ಬಣ್ಣದ ಆಯ್ಕೆ ಅದಕ್ಕೂ ಹಿಂದಿನ ಜುಲೈನಲ್ಲೇ ನಡೆಯಲಿ. ಎರಡಡಿ ಅಗಲದ ರಟ್ಟಿಗೆ ಬಣ್ಣ ಬಳಿದು ಆ ಗೋಡೆಗೆ ಒರಗಿಸಿಡಿ. ಬೆಳಿಗ್ಗೆ ನೋಡಿ, ಸಂಜೆ ನೋಡಿ, ಮಳೆ ಹೊಯ್ಯುವಾಗ ದೀಪವಿಲ್ಲದೆ ಅದರ ಬಳಿ ಕುಳಿತು ಒಂದು ಪುಟ ಓದಿ ನೋಡಿ.