ಎರಡು ಮೂತ್ರಪಿಂಡ, ಎರಡು ಅಳತೆ: ಹೆದರಿಕೆ ಬೇಡ, ಅಲಕ್ಷ್ಯವೂ ಬೇಡ

(ಸಂಘದ ವಾರ್ಷಿಕ ಸಮಾರಂಭದ ಆರೋಗ್ಯ ಗೋಷ್ಠಿಯಲ್ಲಿ ಮಾಡಿದ ಭಾಷಣ)



ನಾನು ವೈದ್ಯನಲ್ಲ. ಉರ್ದು ಮತ್ತು ಕನ್ನಡ ಕಲಿಸುವ ಶಿಕ್ಷಕ. ಮನೆಯಲ್ಲಿ ನಾವು ಗುರ್ದಾ ಎನ್ನುವುದನ್ನು ಕನ್ನಡ ಪಠ್ಯಪುಸ್ತಕದಲ್ಲಿ ಮೂತ್ರಪಿಂಡ ಎಂದು ಓದುತ್ತೇವೆ, ಆಸ್ಪತ್ರೆಗೆ ಹೋದರೆ ಕಿಡ್ನಿ ಎನ್ನುತ್ತೇವೆ. ಉರ್ದುವಿನಲ್ಲಿ ಧೈರ್ಯವಂತನನ್ನು ‘ದಿಲ್ ಗುರ್ದೇವಾಲಾ’ ಎಂದು ಕರೆಯುವ ರೂಢಿಯಿದೆ. ಅಂದರೆ ಹೃದಯದ ಪಕ್ಕದಲ್ಲೇ ಮೂತ್ರಪಿಂಡಕ್ಕೂ ಸ್ಥಾನ ಕೊಟ್ಟ ಭಾಷೆ ಅದು. ಆದರೆ ನಮ್ಮ ನಿತ್ಯದ ಮಾತಿನಲ್ಲಿ ಹೃದಯಕ್ಕೆ ಸಿಕ್ಕಷ್ಟು ಗಮನ ಗುರ್ದಾಕ್ಕೆ ಸಿಕ್ಕಿಲ್ಲ. ಅದರ ಹೆಸರು ನಮ್ಮ ಬಾಯಿಗೆ ಬರುವುದು ಅದು ಕೆಟ್ಟ ಮೇಲೆಯೇ.

ನನಗೆ ಈ ವಿಷಯದಲ್ಲಿ ಆಸಕ್ತಿ ಹುಟ್ಟಿದ್ದು ನನ್ನದೇ ಒಂದು ರಿಪೋರ್ಟಿನಿಂದ. ಮೂರು ವರ್ಷಗಳ ಹಿಂದೆ ಹೊಟ್ಟೆನೋವಿಗೆಂದು ಸ್ಕ್ಯಾನಿಂಗ್ ಮಾಡಿಸಿದೆ. ಪಿತ್ತಕೋಶದಲ್ಲಿ ಕಲ್ಲಿದೆಯೇ ಎಂದು ನೋಡಬೇಕಿತ್ತು. ಕಲ್ಲು ಇರಲಿಲ್ಲ. ಆದರೆ ಎಡ ಮೂತ್ರಪಿಂಡದ ಉದ್ದ 11.8 ಸೆಂ.ಮೀ., ಬಲ ಮೂತ್ರಪಿಂಡದ ಉದ್ದ 8.2 ಸೆಂ.ಮೀ. ಎಂದು ಬರೆದಿತ್ತು. ಮನೆಗೆ ಬಂದು ಹೇಳಿದಾಗ ಅಮ್ಮಿ ಅಳುತ್ತಾ ಕೂತರು. ಪರಿಚಯದವರೊಬ್ಬರು, ‘ಒಂದು ಪುಡಿ ತರಿಸಿಕೊಡುತ್ತೇನೆ, ನಲವತ್ತು ದಿನದಲ್ಲಿ ಎರಡೂ ಸಮನಾಗುತ್ತವೆ’ ಎಂದರು. ಹತ್ತಿರದ ಬಂಧುಗಳೊಬ್ಬರು ಪಕ್ಕಕ್ಕೆ ಕರೆದು, ‘ಯಾರ ಮುಂದೆಯೂ ಬಾಯಿ ಬಿಡಬೇಡ, ತಂಗಿಯ ನಿಸ್ಬತ್ ಮಾತು ನಡೆದಿದೆ’ ಎಂದರು. ಅಳು, ಪುಡಿ, ಗುಟ್ಟು - ಈ ಮೂರೂ ನಮ್ಮ ಮನೆಗಳಲ್ಲಿ ಸಾಮಾನ್ಯ. ಮೂರರಿಂದಲೂ ರೋಗಿಗೆ ಉಪಯೋಗವಿಲ್ಲ ಎಂದು ಹೇಳುವುದೇ ಇಂದಿನ ನನ್ನ ಮಾತಿನ ಸಾರ.

ಮೊದಲು ಅಳತೆಯ ವಿಷಯ. ವಯಸ್ಕರ ಮೂತ್ರಪಿಂಡ ಸಾಧಾರಣವಾಗಿ 9ರಿಂದ 12 ಸೆಂ.ಮೀ. ಉದ್ದವಿರುತ್ತದೆ. ಎರಡೂ ಅಚ್ಚಿನಲ್ಲಿ ಎರಕ ಹೊಯ್ದಂತೆ ಒಂದೇ ಸಮ ಇರುವುದಿಲ್ಲ. ಎಡಗಡೆಯದು ಸ್ವಲ್ಪ ಉದ್ದವಿರುವುದೇ ಹೆಚ್ಚು. ಬಲಗಡೆಯದು ಮೇಲೆ ಯಕೃತ್ತು ಇರುವುದರಿಂದ ಸ್ವಲ್ಪ ಕೆಳಗೆ ಇರುತ್ತದೆ. ಸ್ಕ್ಯಾನಿಂಗ್ ಮಾಡುವವರ ಕೈ ಬದಲಾದರೆ ಅಳತೆಯಲ್ಲಿ ಕೆಲವು ಮಿಲಿಮೀಟರ್ ವ್ಯತ್ಯಾಸ ಬರುವುದೂ ಉಂಟು. ಆದ್ದರಿಂದ ಒಂದು ಸೆಂಟಿಮೀಟರಿನಷ್ಟು ಅಂತರ ಕಂಡರೆ ನಿದ್ದೆಗೆಡಬೇಕಾಗಿಲ್ಲ. ಅಂತರ ಒಂದೂವರೆ ಸೆಂ.ಮೀ. ದಾಟಿದರೆ ಮಾತ್ರ ಕಾರಣ ಹುಡುಕಬೇಕೆಂದು ವೈದ್ಯರು ಹೇಳುತ್ತಾರೆ.

ಕಾರಣಗಳು ಹಲವು. ಕೆಲವರಿಗೆ ಹುಟ್ಟಿನಿಂದಲೇ ಒಂದು ಸಣ್ಣದಾಗಿ ಬೆಳೆದಿರುತ್ತದೆ. ಕೆಲವರಿಗೆ ಎಳವೆಯಲ್ಲಿ ಮೂತ್ರಕೋಶದಲ್ಲಿರುವ ಮೂತ್ರ ಹಿಮ್ಮುಖವಾಗಿ ಮೇಲಕ್ಕೆ ಹೋಗಿ, ಸೋಂಕು ತಗುಲಿ, ಮೂತ್ರಪಿಂಡದಲ್ಲಿ ಕಲೆಗಳು ಉಳಿದಿರುತ್ತವೆ. ಇನ್ನು ಕೆಲವರಿಗೆ ಮೂತ್ರಪಿಂಡಕ್ಕೆ ರಕ್ತ ಒಯ್ಯುವ ಅಪಧಮನಿ ಕಿರಿದಾಗಿರುತ್ತದೆ, ಇಂಥವರಲ್ಲಿ ಬಿ.ಪಿ. ಏರುತ್ತದೆ. ಬಹುಕಾಲ ಕಲ್ಲು ಅಡ್ಡ ನಿಂತರೆ ಮೊದಲು ಊತ, ಆಮೇಲೆ ಸವೆತ. ಒಂದು ಸಣ್ಣದಾದರೆ ಅದರ ಕೆಲಸವನ್ನೂ ಹೊತ್ತು ಇನ್ನೊಂದು ದೊಡ್ಡದಾಗುತ್ತದೆ. ಮನೆಯಲ್ಲಿ ಒಬ್ಬ ಮಗ ಮಲಗಿದರೆ ಇನ್ನೊಬ್ಬ ಎರಡು ಆಳಿನ ಕೆಲಸ ಮಾಡುವುದಿಲ್ಲವೇ, ಹಾಗೆ.

ನನ್ನ ವೈದ್ಯರು ರಿಪೋರ್ಟನ್ನು ಬದಿಗಿಟ್ಟು ಮೊದಲು ಬಿ.ಪಿ. ನೋಡಿದರು, ಸ್ವಲ್ಪ ಹೆಚ್ಚಿತ್ತು. ಆಮೇಲೆ ರಕ್ತದಲ್ಲಿ ಕ್ರಿಯೇಟಿನಿನ್, ಮೂತ್ರದಲ್ಲಿ ಪ್ರೋಟೀನ್ ಪರೀಕ್ಷೆ ಮಾಡಿಸಿದರು. ‘ಚಿಕ್ಕಂದಿನಲ್ಲಿ ಜ್ವರ ಬರುತ್ತಿತ್ತೇ?’ ಎಂದು ಅಮ್ಮಿಯನ್ನು ಕೇಳಿದರು. ‘ಪದೇ ಪದೇ ಬರುತ್ತಿತ್ತು ಡಾಕ್ಟರ್ ಸಾಹೇಬ್ರೇ, ಮೂತ್ರ ಮಾಡುವಾಗ ಅಳುತ್ತಿದ್ದ’ ಎಂದರು ಅಮ್ಮಿ. ಕೊನೆಗೆ ಪ್ರತಿ ಮೂತ್ರಪಿಂಡ ಎಷ್ಟು ಕೆಲಸ ಮಾಡುತ್ತಿದೆ ಎಂದು ತೋರಿಸುವ ಬೇರೊಂದು ಸ್ಕ್ಯಾನ್ ಆಯಿತು. ಸಣ್ಣದು ನೂರಕ್ಕೆ 28 ಪಾಲು, ದೊಡ್ಡದು 72 ಪಾಲು ಕೆಲಸ ಮಾಡುತ್ತಿದ್ದವು. ಒಟ್ಟು ಲೆಕ್ಕ ಸರಿಯಾಗಿತ್ತು. ದಿನಕ್ಕೊಂದು ಬಿ.ಪಿ. ಮಾತ್ರೆ, ವರ್ಷಕ್ಕೊಮ್ಮೆ ಪರೀಕ್ಷೆ - ಇಷ್ಟೇ ಚಿಕಿತ್ಸೆ.

ಹೊರಡುವಾಗ ವೈದ್ಯರು, ‘ಈ ತೊಂದರೆ ಕೆಲವು ಕುಟುಂಬಗಳಲ್ಲಿ ಒಡಹುಟ್ಟಿದವರಿಗೂ ಇರುತ್ತದೆ, ನಿಮ್ಮ ತಂಗಿಯನ್ನೂ ಪರೀಕ್ಷಿಸಿ’ ಎಂದರು. ನೋಡಿ, ಯಾರ ಒಳಿತಿಗೆಂದು ಬಂಧುಗಳು ಗುಟ್ಟಾಗಿಡಲು ಹೇಳಿದ್ದರೋ, ಆ ಹುಡುಗಿಗೇ ಮೊದಲು ತಿಳಿಸಬೇಕಾಗಿತ್ತು! ಮುಂದೆ ಗರ್ಭಿಣಿಯಾಗುವ ಹೆಣ್ಣುಮಗಳಿಗೆ ಮೂತ್ರಪಿಂಡದ ಸ್ಥಿತಿ ಮೊದಲೇ ತಿಳಿದಿರುವುದು ಬಹಳ ಮುಖ್ಯ. ತಂಗಿಯ ಪರೀಕ್ಷೆಯಲ್ಲಿ ಎಲ್ಲವೂ ಸರಿಯಾಗಿತ್ತು. ಗಂಡಿನ ಕಡೆಯವರಿಗೂ ನಾವು ಏನನ್ನೂ ಮುಚ್ಚಿಡಲಿಲ್ಲ. ಮದುವೆ ನಡೆಯಿತು.

ಒಂದೇ ಮೂತ್ರಪಿಂಡದಿಂದ ಬದುಕು ಸಾಧ್ಯವೇ ಎಂದು ಕೇಳುವವರಿಗೆ ಒಂದು ಉದಾಹರಣೆ. 1954ರ ಡಿಸೆಂಬರ್ 23ರಂದು ಅಮೆರಿಕದ ಬಾಸ್ಟನ್ ನಗರದಲ್ಲಿ ಡಾ. ಜೋಸೆಫ್ ಮರ್ರೆ ಮತ್ತು ಅವರ ತಂಡ ರೊನಾಲ್ಡ್ ಹೆರಿಕ್ ಎಂಬುವರ ಒಂದು ಮೂತ್ರಪಿಂಡವನ್ನು ಅವರ ಅವಳಿ ಸೋದರ ರಿಚರ್ಡ್‌ಗೆ ಜೋಡಿಸಿದರು. ಜಗತ್ತಿನಲ್ಲಿ ಯಶಸ್ವಿಯಾದ ಮೊದಲ ಮೂತ್ರಪಿಂಡ ಕಸಿ ಅದು. ದಾನ ಕೊಟ್ಟ ರೊನಾಲ್ಡ್ ಆ ಬಳಿಕ ಒಂದೇ ಮೂತ್ರಪಿಂಡದಲ್ಲಿ 56 ವರ್ಷ ಬದುಕಿ 2010ರಲ್ಲಿ ತೀರಿಕೊಂಡರು. ಅವರೂ ಶಿಕ್ಷಕರಾಗಿದ್ದರು ಎಂಬುದು ನನಗೆ ಸಂತೋಷದ ಸಂಗತಿ.

ಹಾಗೆಂದು ಅಲಕ್ಷ್ಯ ಸಲ್ಲದು. ಮೂತ್ರಪಿಂಡದ ಕಾಯಿಲೆ ಸದ್ದಿಲ್ಲದೆ ಬರುತ್ತದೆ. ಅರ್ಧಕ್ಕಿಂತ ಹೆಚ್ಚು ಶಕ್ತಿ ಹೋದರೂ ನೋವಿರುವುದಿಲ್ಲ, ಮೂತ್ರವೂ ಎಂದಿನಂತೆ ಹೋಗುತ್ತಿರುತ್ತದೆ. ಕಾಲು ಊದಿ, ಊಟ ಸೇರದೆ, ಉಸಿರು ಕಟ್ಟುವ ಹೊತ್ತಿಗೆ ತಡವಾಗಿರುತ್ತದೆ. ಕಾಯಿಲೆಗೆ ಮುಖ್ಯ ಕಾರಣಗಳು ಸಕ್ಕರೆ ಕಾಯಿಲೆ ಮತ್ತು ಬಿ.ಪಿ. ಇವೆರಡರಲ್ಲಿ ಯಾವುದಿದ್ದರೂ ವರ್ಷಕ್ಕೊಮ್ಮೆ ರಕ್ತದ ಕ್ರಿಯೇಟಿನಿನ್ ಮತ್ತು ಮೂತ್ರದ ಆಲ್ಬುಮಿನ್ ಪರೀಕ್ಷೆ ಮಾಡಿಸಲೇಬೇಕು. ಕ್ರಿಯೇಟಿನಿನ್, ವಯಸ್ಸು ಇತ್ಯಾದಿಗಳಿಂದ ಸೋಸುವ ಶಕ್ತಿಯನ್ನು ಲೆಕ್ಕ ಹಾಕುತ್ತಾರೆ. ಆ ಅಂಕಿ 90ರ ಮೇಲಿದ್ದರೆ ಉತ್ತಮ. ಮೂರು ತಿಂಗಳು 60ಕ್ಕಿಂತ ಕಡಿಮೆ ಉಳಿದರೆ ಕಾಯಿಲೆ ಎಂದರ್ಥ.

ಇನ್ನು ನಾವು ಪಾಲಿಸಬೇಕಾದ ಕೆಲವು ವಿಷಯಗಳು.

ಮೊದಲನೆಯದು ನೋವಿನ ಮಾತ್ರೆ. ಮಂಡಿನೋವು, ಬೆನ್ನುನೋವು ಎಂದು ಅಂಗಡಿಯಿಂದ ಡೈಕ್ಲೋಫೆನಾಕ್, ಐಬುಪ್ರೊಫೇನ್ ತಂದು ತಿಂಗಳುಗಟ್ಟಲೆ ನುಂಗುವ ನಮ್ಮ ತಾಯಂದಿರು ಎಷ್ಟೋ ಜನ. ಇವು ಮೂತ್ರಪಿಂಡಕ್ಕೆ ಹೋಗುವ ರಕ್ತವನ್ನು ಕಡಿಮೆ ಮಾಡುತ್ತವೆ. ವೈದ್ಯರನ್ನು ಕೇಳದೆ ಬೇಡ.

ಎರಡನೆಯದು ಹೆಸರಿಲ್ಲದ ಪುಡಿಗಳು. ಗಿಡಮೂಲಿಕೆ ಎಂದಾಕ್ಷಣ ನಿರಪಾಯವಲ್ಲ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂ ದೇಶದಲ್ಲಿ ತೂಕ ಇಳಿಸಲು ಗಿಡಮೂಲಿಕೆಯ ಗುಳಿಗೆ ತೆಗೆದುಕೊಂಡ ನೂರಕ್ಕೂ ಹೆಚ್ಚು ಮಹಿಳೆಯರ ಮೂತ್ರಪಿಂಡ ಹಾಳಾಯಿತು. ಅದರಲ್ಲಿದ್ದ ಒಂದು ಸಸ್ಯದ ವಿಷವೇ ಕಾರಣವೆಂದು ಆಮೇಲೆ ತಿಳಿಯಿತು. ಸಣ್ಣದಾದ ಮೂತ್ರಪಿಂಡವನ್ನು ದೊಡ್ಡದು ಮಾಡುವ ಪುಡಿ ಯಾವುದೂ ಇಲ್ಲ.

ಮೂರನೆಯದು ಉಪ್ಪು. ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಉಪ್ಪಿನಕಾಯಿ, ಹಪ್ಪಳ, ಬೇಕರಿ ತಿಂಡಿಗಳಲ್ಲಿರುವ ಉಪ್ಪನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ನಾಲ್ಕನೆಯದು ನೀರು. ಇಲ್ಲಿ ಶಿಕ್ಷಕನಾಗಿ ಮಾತನಾಡುತ್ತೇನೆ. ಎಷ್ಟೋ ಶಾಲೆಗಳಲ್ಲಿ ಹೆಣ್ಣುಮಕ್ಕಳು ಬೆಳಿಗ್ಗೆಯಿಂದ ಸಂಜೆಯವರೆಗೆ ನೀರು ಕುಡಿಯುವುದಿಲ್ಲ. ಶೌಚಾಲಯ ಕೊಳಕಾಗಿದೆ, ಚಿಲಕವಿಲ್ಲ ಎಂದು ಮೂತ್ರ ತಡೆದುಕೊಂಡು ಕೂರುತ್ತಾರೆ. ಮೂತ್ರದ ಸೋಂಕಿಗೆ ಇದು ಬಾಗಿಲು ತೆರೆದಿಟ್ಟಂತೆ. ಸಂಘದ ಹಿರಿಯರಲ್ಲಿ ನನ್ನ ಬಿನ್ನಹ: ಬಹುಮಾನ, ಶಾಲು, ಹಾರಗಳ ಖರ್ಚಿನಲ್ಲಿ ಸ್ವಲ್ಪ ಉಳಿಸಿ ಶಾಲೆಯ ಶೌಚಾಲಯಕ್ಕೆ ನೀರು, ಬಾಗಿಲು, ಚಿಲಕ ಹಾಕಿಸಿ. ತಾಯಂದಿರೇ, ಪುಟ್ಟ ಮಗುವಿಗೆ ನೆಗಡಿ ಕೆಮ್ಮು ಇಲ್ಲದೆ ಜ್ವರ ಬಂದರೆ ಮೂತ್ರ ಪರೀಕ್ಷೆ ಮಾಡಿಸಿ. ಅಂದು ಒಂದು ಬಾಟಲಿ ಮೂತ್ರದ ಪರೀಕ್ಷೆಯಲ್ಲಿ ತಿಳಿಯುವುದು ಮುಂದೆ ಒಂದು ಮೂತ್ರಪಿಂಡವನ್ನು ಉಳಿಸಬಹುದು.

ಐದನೆಯದು ರೋಜಾ. ಮೂತ್ರಪಿಂಡದ ಕಾಯಿಲೆ ಇರುವವರು ರಮಜಾನಿಗೆ ಮೊದಲೇ ವೈದ್ಯರನ್ನು ಕಾಣಬೇಕು. ಕಾಯಿಲೆಯವರಿಗೆ ವಿನಾಯಿತಿ ಇದೆ. ಅದನ್ನು ಬಳಸಿಕೊಳ್ಳಲು ಸಂಕೋಚ ಬೇಡ.

ಕಾಯಿಲೆ ಮುಂದುವರಿದವರೂ ಕೈಚೆಲ್ಲಬೇಕಾಗಿಲ್ಲ. 2016ರಲ್ಲಿ ಆರಂಭವಾದ ರಾಷ್ಟ್ರೀಯ ಡಯಾಲಿಸಿಸ್ ಯೋಜನೆಯಡಿ ಜಿಲ್ಲಾ ಆಸ್ಪತ್ರೆಗಳಲ್ಲಿ ಬಡವರಿಗೆ ಉಚಿತ ಡಯಾಲಿಸಿಸ್ ಸೌಲಭ್ಯವಿದೆ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಮೂತ್ರಪಿಂಡ ಚಿಕಿತ್ಸೆಗೆಂದೇ ಸರ್ಕಾರದ ನೆಫ್ರೋ ಯೂರಾಲಜಿ ಸಂಸ್ಥೆ ಇದೆ.

ವಿದ್ಯಾರ್ಥಿಗಳೇ, ಇಂದು ಮನೆಗೆ ಹೋಗಿ ನಿಮ್ಮ ಅಬ್ಬಾ, ಅಮ್ಮಿ, ದಾದಾ, ದಾದಿಯರನ್ನು ಒಂದು ಪ್ರಶ್ನೆ ಕೇಳಿ: ‘ಕೊನೆಯ ಸಲ ಬಿ.ಪಿ. ನೋಡಿಸಿದ್ದು ಯಾವಾಗ?’ ಉತ್ತರ ನೆನಪಿಗೆ ಬಾರದಿದ್ದರೆ ನಾಳೆಯೇ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ. ಓದಿದ ಮಕ್ಕಳಿಂದ ಮನೆಗೆ ಆಗಬೇಕಾದ ಉಪಕಾರ ಇದು.