ಟೀಚರ ಹೊರೆ ಇಳಿಸೋಣ



ನಮ್ಮೂರ ಶಾಲೆಯಲ್ಲಿ ಐದು ತರಗತಿ, ಇಬ್ಬರೇ ಟೀಚರು. ಪಾಠ ಮಾಡಬೇಕು. ಹಾಜರಿ ಬರೀಬೇಕು. ಬಿಸಿಯೂಟದ ಅಕ್ಕಿ, ಬೇಳೆ ಲೆಕ್ಕ ಇಡಬೇಕು. ಅವರು ಲೆಕ್ಕ ಬರೆಯೋಕೆ ಕೂತರೆ ಪಾಠ ನಿಲ್ಲುತ್ತೆ. ನಷ್ಟ ಯಾರಿಗೆ? ನಮ್ಮ ಮಕ್ಕಳಿಗೆ.

2009ರ ಶಿಕ್ಷಣ ಹಕ್ಕು ಕಾನೂನು ಏನು ಹೇಳುತ್ತೆ? ಜನಗಣತಿ, ಚುನಾವಣೆ, ನೆರೆಯಂಥ ವಿಪತ್ತಿನ ಪರಿಹಾರ ಬಿಟ್ಟು, ಶಿಕ್ಷಣಕ್ಕೆ ಸೇರದ ಬೇರೆ ಕೆಲಸಕ್ಕೆ ಟೀಚರನ್ನು ಹಚ್ಚಬಾರದು. ಒಂದರಿಂದ ಐದನೇ ತರಗತಿವರೆಗೆ ಮಕ್ಕಳು 60 ದಾಟಿದರೆ ಮೂರನೇ ಟೀಚರು ಬೇಕು.

ಇದನ್ನು ಕೇಳೋರು ಯಾರು? ನಾವೇ. ಶಾಲೆಯ ಎಸ್‌ಡಿಎಂಸಿ ಸಮಿತಿಯಲ್ಲಿ ಅರ್ಧ ಜನ ಹೆಂಗಸರಿರಬೇಕು. ಸಭೆಗೆ ಹೋಗೋಣ. ಅಕ್ಕಿ ತೂಗುವಾಗ ಜೊತೆಗೆ ನಿಲ್ಲೋಣ. ಲೆಕ್ಕದ ಪುಸ್ತಕ ಓದಿ ನೋಡೋಣ. ಈಗ ನಮಗೂ ಓದೋಕೆ ಬರುತ್ತಲ್ಲ! ಟೀಚರ ಹೊರೆ ಇಳಿದಷ್ಟೂ ಮಕ್ಕಳಿಗೆ ಪಾಠ ಸಿಗುತ್ತೆ.