ಅವ್ವ ತರಲಾಗದ ಕೊತ್ತಂಬರಿ ಸೊಪ್ಪು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತುಗಳು)



ಬೆಂಗಳೂರಿನ ಬಗ್ಗೆ ಮಾತಾಡು ಎಂದು ಮೇಷ್ಟ್ರು ಹೇಳಿದ್ದಾರೆ. ನಾನು ಬಿ.ಇ. ಓದಿ ಸಾಫ್ಟ್‌ವೇರ್ ಕೆಲಸ ಮಾಡುವವನು. ನಗರ ಯೋಜನೆ ನನ್ನ ವಿಷಯವಲ್ಲ, ಆದರೆ ಅದು ಇಲ್ಲದ ಕಡೆ ಪೆಟ್ಟು ತಿಂದಿದ್ದೇನೆ.

ಕೆಲವು ವರ್ಷಗಳ ಹಿಂದೆ ಸಾಲ ಮಾಡಿ ಬೆಂಗಳೂರಿನ ಅಂಚಿನಲ್ಲಿ ಫ್ಲ್ಯಾಟ್ ಕೊಂಡೆ. ಅವ್ವ ಬಂದಳು. ಮೊದಲ ದಿನವೇ ಕೊತ್ತಂಬರಿ ಸೊಪ್ಪು ತರುತ್ತೇನೆಂದು ಚೀಲ ಹಿಡಿದು ಹೊರಟಳು. ಗೇಟಿನಾಚೆ ಬರೀ ಕಾಂಪೌಂಡ್ ಗೋಡೆ, ಆಮೇಲೆ ಹೆದ್ದಾರಿ. ಬರಿಗೈಲಿ ಬಂದಳು. ನಾನು ಬೆಳಗ್ಗೆ ಏಳಕ್ಕೆ ಹೋದರೆ ರಾತ್ರಿ ಒಂಬತ್ತಕ್ಕೆ ಮನೆ. ಐದನೇ ದಿನ, "ಜೈಲು ಚೆನ್ನಾಗೈತೆ ಕಣಪ್ಪ, ನನ್ನ ಊರಿಗೆ ಬಿಟ್ಟುಬಿಡು" ಎಂದಳು.

ಈಗ ಜಯನಗರದಲ್ಲಿ ಹಳೆಯ, ಚಿಕ್ಕ ಬಾಡಿಗೆ ಮನೆಯಲ್ಲಿದ್ದೇನೆ. 1948ರಲ್ಲಿ ರಾಜಾಜಿಯವರು ಅಡಿಗಲ್ಲು ಹಾಕಿದ ಬಡಾವಣೆ ಅದು. ಬ್ಲಾಕುಗಳಾಗಿ ವಿಂಗಡಿಸಿದ್ದಾರೆ. ನಾಲ್ಕನೇ ಬ್ಲಾಕಿನಲ್ಲಿ ಮಾರುಕಟ್ಟೆ ಸಂಕೀರ್ಣ, ಹತ್ತಿರವೇ ಬಸ್ ನಿಲ್ದಾಣ. 2017ರಲ್ಲಿ ಮೆಟ್ರೊ ಕೂಡ ಬಂತು. ಮನೆ, ಅಂಗಡಿ, ಶಾಲೆ, ಕ್ಲಿನಿಕ್ಕು ಎಲ್ಲ ನಡೆಯುವಷ್ಟು ದೂರದಲ್ಲಿವೆ. ಅವ್ವ ಬಂದರೆ ತಿಂಗಳು ಇರುತ್ತಾಳೆ. ಬಾಡಿಗೆ ಮಾತ್ರ ಕೇಳಬೇಡಿ. ಅಂಥ ಜಾಗ ಕಡಿಮೆ ಇರುವುದರಿಂದಲೇ ಅಷ್ಟು ದುಬಾರಿ.

ಲೆಕ್ಕ ಸರಳ. ಒಂದು ಕಿಲೋಮೀಟರ್ ಚರಂಡಿಯನ್ನು ಇನ್ನೂರು ಮನೆ ಹಂಚಿಕೊಳ್ಳುವುದಕ್ಕೂ ಹತ್ತು ಮನೆ ಹಂಚಿಕೊಳ್ಳುವುದಕ್ಕೂ ಖರ್ಚಿನಲ್ಲಿ ಎಷ್ಟು ಅಂತರ? ಹತ್ತು ಮನೆಗೆ ಬಸ್ಸೂ ಬರುವುದಿಲ್ಲ, ಸೊಪ್ಪಿನವಳೂ ಬರುವುದಿಲ್ಲ. ಹಾಗೆಂದು ಎಂಟಡಿ ಓಣಿಯಲ್ಲಿ ಆರು ಮಹಡಿ ಎಬ್ಬಿಸಿ ಎನ್ನುತ್ತಿಲ್ಲ. ಆ ಅವಾಂತರವೂ ಬೆಂಗಳೂರಿನಲ್ಲಿ ಬೇಕಾದಷ್ಟಿದೆ. ನೀರು, ಚರಂಡಿ, ರಸ್ತೆ ಮೊದಲು, ಮಹಡಿ ಆಮೇಲೆ.

ಇದನ್ನೆಲ್ಲ ಇಲ್ಲಿ ಹೇಳಲು ಕಾರಣವಿದೆ. ನಿನ್ನೆ ಬಸ್ಸಿಳಿದು ಬರುವಾಗ ಕೆರೆ ಕೆಳಗಿನ ಗದ್ದೆಯಲ್ಲಿ ಸೈಟಿನ ಕಲ್ಲುಗಳನ್ನು ಕಂಡೆ. ಅತ್ತ ಪೇಟೆಯ ಬಸ್ ಸ್ಟ್ಯಾಂಡಿನ ಹಿಂದೆ ಮುಚ್ಚಿದ ಅಕ್ಕಿ ಗಿರಣಿ, ಖಾಲಿ ಜಾಗ ಹಾಗೇ ಬಿದ್ದಿವೆ. ಪೇಟೆ ಬೆಳೆಯಲಿ, ಆದರೆ ಮೊದಲು ಅಲ್ಲಿ ತುಂಬಿಕೊಳ್ಳಲಿ. ಗದ್ದೆ ಮಾರಿದವರನ್ನು ನಾನು ದೂರಲಾರೆ. ನನ್ನ ಬಿ.ಇ. ಫೀಸಿಗೆ ಅಪ್ಪ ಅರ್ಧ ಎಕರೆ ಮಾರಿದ್ದ. ಇವತ್ತು ಅದರಲ್ಲೂ ಕಲ್ಲು ನೆಟ್ಟಿದ್ದಾರೆ.

ಸೋಮವಾರ ಮೇಷ್ಟ್ರೂ ನಾನೂ ಪಂಚಾಯ್ತಿಗೆ ಹೋಗಿ ಆ ಬಡಾವಣೆಯ ನಕ್ಷೆ ಕೇಳುತ್ತೇವೆ. ಅಂಗಡಿಗೆ, ಬಸ್ಸಿಗೆ, ಕೆರೆಯ ಕಾಲುವೆಗೆ ಎಲ್ಲಿ ಜಾಗ ಬಿಟ್ಟಿದ್ದಾರೆ, ನೋಡಬೇಕು. ಬರುವವರು ಹತ್ತು ಗಂಟೆಗೆ ಶಾಲೆಯ ಗೇಟಿನ ಹತ್ತಿರ ಸಿಗಿ.